ಮೂರೂವರೆಯೊಳಗೆ ನಿತ್ಯಜೀವ

ಬಾಯಿ ಅಗಲಿಸಿ, ಎರಡೂ ಕೆನ್ನೆಗೆ ಹತ್ತಿ ತುರುಕಿ, ತುಟಿಯ ಅಂಚಿಗೊಂದು ಕೊಳವೆ ನೇತುಹಾಕಿ, ಆಮೇಲೆ ಪ್ರಶ್ನೆ ಕೇಳುವುದನ್ನು ಈ ಹಲ್ಲಿನ ಡಾಕ್ಟರುಗಳಿಗೆ ಯಾರು ಕಲಿಸುತ್ತಾರೋ. ಕಳೆದ ವಾರ ಅಬುಧಾಬಿಯ ಟೂರಿಸ್ಟ್ ಕ್ಲಬ್ ಏರಿಯಾದಲ್ಲಿ ನಮ್ಮ ಬಿಲ್ಡಿಂಗಿನ ಹಿಂದಿನ ಕ್ಲಿನಿಕ್ಕಿನಲ್ಲಿ ನಾನು ಹಾಗೆ ಮಲಗಿದ್ದೆ. ಡಾಕ್ಟರಮ್ಮ ಒಳ್ಳೆಯವರೇ. ಊರು ಯಾವುದು, ಮಕ್ಕಳೆಷ್ಟು, ರಜೆಗೆ ಹೋಗುವುದು ಯಾವಾಗ ಎಂದು ಒಂದರ ಹಿಂದೊಂದು ಕೇಳುತ್ತಲೇ ಹೋದರು. ನಾನು ಆಂ, ಊಂ ಎಂದೆ. ಉತ್ತರಕ್ಕೆ ಅವರು ಕಾಯಲೂ ಇಲ್ಲ, ನನ್ನ ಮುಖ ನೋಡಲೂ ಇಲ್ಲ. ಅವರ ಕಣ್ಣೆಲ್ಲ ನನ್ನ ಕೊನೆಯ ದವಡೆ ಹಲ್ಲಿನ ಮೇಲೆ. ಆಮೇಲೆ ಹತ್ತಿಯ ಚೂರೊಂದನ್ನು ಏನೋ ಎಣ್ಣೆಯಲ್ಲಿ ಅದ್ದಿ ಹಲ್ಲಿನ ಸಂದಿಗೆ ಇಟ್ಟರು. ಲವಂಗದ ಎಣ್ಣೆ.

ಆ ವಾಸನೆ ಮೂಗಿಗೆ ಹೊಡೆದದ್ದೇ ತಡ, ನನ್ನ ಎಡಗೈ ತಾನಾಗಿ ಮೇಲೆದ್ದು ವಾಚನ್ನು ಕಣ್ಣೆದುರಿಗೆ ತಂದಿತು. ನೋವಾಯಿತೇ ಎಂದು ಡಾಕ್ಟರಮ್ಮ ಗಾಬರಿಯಾದರು. ನೋವಲ್ಲ ಡಾಕ್ಟ್ರೇ, ಅಭ್ಯಾಸ. ಲವಂಗದ ವಾಸನೆ ಬಂತೆಂದರೆ ಒಬ್ಬರು ನಿತ್ಯಜೀವದ ಬಗ್ಗೆ ಕೇಳಲು ಎದ್ದು ನಿಂತಿದ್ದಾರೆ, ನನ್ನ ಹತ್ತಿರ ಇನ್ನು ಐದೇ ನಿಮಿಷ ಉಳಿದಿದೆ ಎಂದು ಅರ್ಥ... ಬಾಯಿತುಂಬ ಹತ್ತಿ ಇಟ್ಟುಕೊಂಡು ಇದನ್ನೆಲ್ಲ ಯಾರಿಗೆ ಹೇಳಲಿ? ಅದಕ್ಕೇ ಈಗ ಬರೆಯುತ್ತಿದ್ದೇನೆ.

ಇದು ನಡೆದದ್ದು ವರ್ಷಗಳ ಹಿಂದೆ. ಆಗಿನ್ನೂ ಇಲ್ಲಿ ಶುಕ್ರವಾರವೇ ವಾರದ ರಜೆ, ಶುಕ್ರವಾರವೇ ನಮ್ಮ ಭಾನುವಾರ. ನಾವು ಕರಾವಳಿಯ ಕನ್ನಡ ಕ್ರೈಸ್ತರು ಅಬುಧಾಬಿಯಲ್ಲಿ ಎಲ್ಲ ಸೇರಿದರೆ ಒಂದು ಸಾಧಾರಣ ಹಾಲ್ ತುಂಬುವಷ್ಟು ಜನ. ಇಲ್ಲಿ ಆರಾಧನೆ ನಡೆಯುವುದು ಚರ್ಚ್ ಕಾಂಪೌಂಡಿನ ಒಳಗೆ. ಒಂದೇ ಕಾಂಪೌಂಡು, ಹತ್ತಾರು ಭಾಷೆಯವರು, ಹಾಲ್‌ಗಳು ಮಾತ್ರ ನಾಲ್ಕಾರು. ಹಾಗಾಗಿ ದೇವರಿಗೂ ಇಲ್ಲಿ ಟೈಮ್‌ಟೇಬಲ್. ಬೆಳಿಗ್ಗೆ ಮಲಯಾಳಿಗಳು, ಅವರು ಹೋದ ಮೇಲೆ ತಮಿಳರು, ಮಧ್ಯಾಹ್ನ ಊಟ ಮಾಡಿ ಕಣ್ಣು ಎಳೆಯುವ ಹೊತ್ತಿಗೆ ನಾವು, ನಮ್ಮ ಬೆನ್ನಿಗೆ ಡ್ರಮ್ಮು ಗಿಟಾರುಗಳ ಸಮೇತ ಫಿಲಿಪಿನೋಗಳು. ನಮ್ಮದು ಎರಡರಿಂದ ಮೂರೂವರೆ. ಆ ಒಂದೂವರೆ ಗಂಟೆಯೂ ಸುಮ್ಮನೆ ಸಿಕ್ಕಿದ್ದಲ್ಲ. ನಮ್ಮ ಹಿರಿಯರು ಕಾಂಪೌಂಡಿನ ಆಫೀಸಿಗೆ ಅಲೆದು ಅಲೆದು ಚಪ್ಪಲಿ ಸವೆಸಿಕೊಂಡು ಗಿಟ್ಟಿಸಿದ್ದು.

ನಾನು ಶಾಲೆಯೊಂದರ ಆಫೀಸಿನಲ್ಲಿ ಕೆಲಸ ಮಾಡುವವಳು. ಬೆಲ್ಲಿನ ಜೊತೆಗೇ ಬದುಕು. ಅದೊಂದೇ ಅರ್ಹತೆ ನೋಡಿ, ಹಾಲನ್ನು ಹೊತ್ತಿಗೆ ಸರಿಯಾಗಿ ಖಾಲಿ ಮಾಡಿಸುವ ಕೆಲಸವನ್ನು ಕಮಿಟಿಯವರು ನನ್ನ ತಲೆಗೆ ಕಟ್ಟಿದರು. ಹಿಂದಿನ ಸಾಲಿನಲ್ಲಿ, ಬಾಗಿಲ ಪಕ್ಕದ ಕುರ್ಚಿ ನನ್ನದು. ಪ್ರಸಂಗ, ಅಂದರೆ ಉಪದೇಶ, ಮಾಡುವವರಿಗೆ ಮಾತ್ರ ಕಾಣುವ ಹಾಗೆ ಅಂಗೈ ತೋರಿಸಿದರೆ ಇನ್ನು ಐದು ನಿಮಿಷ, ಮುಷ್ಟಿ ಹಿಡಿದರೆ ಖಲಾಸ್. ಆರಾಧನೆಯಲ್ಲಿ ನಾನು ಕಣ್ಣುಮುಚ್ಚಿ ಪ್ರಾರ್ಥಿಸಿದ್ದು ಕಡಿಮೆ. ಟ್ರಾಫಿಕ್ ಪೊಲೀಸನ ಪಾಡು.

ಈ ಒಂದೂವರೆ ಗಂಟೆಯ ಮೇಲೆ ನನಗೆ ಇನ್ನೊಂದು ಕಾರಣಕ್ಕೆ ಜೀವ. ಅದು ನಮ್ಮ ಅತ್ತೆ. ಮಾವ ತೀರಿಕೊಂಡ ಮೇಲೆ ಅವರನ್ನು ಇಲ್ಲಿಗೆ ಕರೆಸಿಕೊಂಡಿದ್ದೆವು. ಅವರಿಗೆ ಇಂಗ್ಲಿಷ್ ಬಾರದು, ಹಿಂದಿ ಬಾರದು. ನಾವಿಬ್ಬರೂ ಬೆಳಿಗ್ಗೆ ಹೊರಟರೆ ಸಂಜೆಗೆ ಬರುವವರು. ಮಕ್ಕಳಿಗೆ ಅವರು ಕನ್ನಡದಲ್ಲಿ ಹತ್ತು ಮಾತು ಕೇಳಿದರೆ "ಯಾ ಗ್ರ್ಯಾಂಡ್ಮಾ" ಎಂಬ ಒಂದು ಉತ್ತರ ಬರುತ್ತಿತ್ತು. ವಾರವಿಡೀ ಹನ್ನೊಂದನೇ ಮಾಳಿಗೆಯ ಕಿಟಕಿಯಲ್ಲಿ ನಿಂತು ಪಾರ್ಕಿಂಗ್ ಹುಡುಕುವ ಕಾರುಗಳನ್ನು ನೋಡುತ್ತಿದ್ದ ಆ ಹೆಂಗಸು, ಶುಕ್ರವಾರ ಬೆಳಿಗ್ಗೆ ಎದ್ದವರೇ ಸೀರೆಗೆ ಇಸ್ತ್ರಿ ಹಾಕುತ್ತಿದ್ದರು. ಆ ಹಾಲ್ ಹೋದರೆ ಅವರ ವಾರಕ್ಕೆ ವಾರವೇ ಹೋದ ಹಾಗೆ. ಇಷ್ಟು ಗೊತ್ತಿದ್ದ ನಾನು ಮೂರೂವರೆಯ ವಿಷಯದಲ್ಲಿ ಯಾರ ಮುಲಾಜೂ ನೋಡುತ್ತಿರಲಿಲ್ಲ.

ಒಬ್ಬರನ್ನು ಬಿಟ್ಟು.

ಅವರನ್ನು ನಾವೆಲ್ಲ ಎರಡನೇ ಸಾಲಿನ ಅಂಕಲ್ ಎನ್ನುತ್ತಿದ್ದೆವು. ಯಾವುದೋ ಆಯಿಲ್ ಕಂಪನಿಗೆ ಸಾಮಾನು ಪೂರೈಸುವ ಸಂಸ್ಥೆಯಲ್ಲಿ ಫೈನಾನ್ಸಿನ ದೊಡ್ಡ ಹುದ್ದೆ, ದೊಡ್ಡ ಬಿಳಿ ಕಾರು, ಇಸ್ತ್ರಿಯ ಗೆರೆ ಮುರಿಯದ ತುಂಬುತೋಳಿನ ಅಂಗಿ. ಹೆಂಡತಿ ತೀರಿಕೊಂಡು ವರ್ಷಗಳಾಗಿದ್ದವು. ಒಬ್ಬನೇ ಮಗ, ದುಬೈ ಸಿಲಿಕಾನ್ ಓಯಸಿಸ್‌ನಲ್ಲಿ ಇದ್ದಾನೆ ಎಂದು ಕೇಳಿದ್ದೆವು. ಆದರೆ ಅವನನ್ನು ಕಂಡವರಿರಲಿಲ್ಲ. ಮಗನ ಸುದ್ದಿ ತೆಗೆದರೆ ಅಂಕಲ್ ತಕ್ಷಣ ಕ್ರಿಕೆಟ್ಟಿಗೆ ಹಾರುತ್ತಿದ್ದರು. ಬಾಯಲ್ಲಿ ಯಾವಾಗಲೂ ಒಂದು ಲವಂಗ. ಅಂಗಿಯ ಜೇಬಿನಲ್ಲಿ ಅದಕ್ಕೊಂದು ಪುಟ್ಟ ಡಬ್ಬಿ.

ನಮ್ಮ ಹಾಲಿನ ಮೈಕ್ ಅವರು ಕೊಟ್ಟದ್ದು. ಸ್ಪೀಕರ್ ಅವರದ್ದು, ಕೀಬೋರ್ಡ್ ಅವರದ್ದು, ಪ್ರೊಜೆಕ್ಟರ್ ಅವರದ್ದು. ನಾನು ನೋಡಿ ನೋಡಿ ರಕ್ತದೊತ್ತಡ ಏರಿಸಿಕೊಳ್ಳುತ್ತಿದ್ದ ಗೋಡೆ ಗಡಿಯಾರ ಕೂಡ ಅವರೇ ತಂದು ಹಾಕಿಸಿದ್ದು.

ನಮಗೆ ಕಾಯಂ ಅಯ್ಯನವರು, ಎಂದರೆ ಪಾದ್ರಿ, ಇರಲಿಲ್ಲ. ವಾರಕ್ಕೊಬ್ಬರು ನಮ್ಮವರೇ ಪ್ರಸಂಗ ಮಾಡುತ್ತಿದ್ದರು. ಬ್ಯಾಂಕಿನವರು, ಕಟ್ಟಡದ ಇಂಜಿನಿಯರು, ನರ್ಸಮ್ಮನ ಗಂಡ, ಹೀಗೆ. ಪ್ರಸಂಗ ಮುಗಿದ ಮೇಲೆ ಯಾರಿಗಾದರೂ ಪ್ರಶ್ನೆ ಇದೆಯೇ ಎಂದು ಕೇಳುವುದು ನಮ್ಮ ಪದ್ಧತಿ. ಕೇಳುವುದು ಶಿಷ್ಟಾಚಾರಕ್ಕೆ, ಯಾರೂ ಏಳಬಾರದು ಎಂಬುದು ಎಲ್ಲರಿಗೂ ಗೊತ್ತು. ಆದರೆ ಸರಿಯಾಗಿ ನಾನು ಅಂಗೈ ತೋರಿಸುವ ಹೊತ್ತಿಗೆ ಎರಡನೇ ಸಾಲಿನ ಕುರ್ಚಿ ಕಿರ್ ಎನ್ನುತ್ತಿತ್ತು. ಲವಂಗದ ವಾಸನೆ ಬಾಗಿಲವರೆಗೂ ಬರುತ್ತಿತ್ತು. ಅಂಕಲ್ ಎದ್ದು, ಕೈಕಟ್ಟಿ, ಪ್ರತಿ ವಾರವೂ ಅದೇ ಒಂದು ಪ್ರಶ್ನೆ ಕೇಳುತ್ತಿದ್ದರು.

"ನಿತ್ಯಜೀವ ಸಿಗ್ಲಿಕ್ಕೆ ನಾನು ಏನು ಮಾಡ್ಬೇಕು?"

ಐದು ನಿಮಿಷದಲ್ಲಿ ನಿತ್ಯಜೀವ, ಸಾವಿಲ್ಲದ ಬದುಕು! ಕೇಳುವವರಿಗಾದರೂ ಒಂದು ಅಂದಾಜು ಬೇಡವೇ? ಪ್ರಸಂಗ ನೋಹನ ನಾವೆಯ ಮೇಲೆ ನಡೆದಿರಲಿ, ಮದುವೆಯ ಪಾವಿತ್ರ್ಯದ ಮೇಲೆ ನಡೆದಿರಲಿ, ಇವರದ್ದು ಅದೇ. ಬ್ಯಾಂಕಿನವರು ನಂಬಿದರೆ ಸಾಕು ಎಂದರು. "ಹಾಗಾದ್ರೆ ಮಾಡ್ಲಿಕ್ಕೆ ಎಂಥದ್ದೂ ಇಲ್ವಾ?" ಎಂದು ಅಂಕಲ್. ಇಂಜಿನಿಯರು ಆಜ್ಞೆಗಳನ್ನು ಪಾಲಿಸಬೇಕು ಎಂದರು. "ಪಾಲಿಸಿದ್ದೇನೆ, ಮತ್ತೆ?" ಎಂದು ಅಂಕಲ್. ನರ್ಸಮ್ಮನ ಗಂಡ, ಪಾಪ, ಬೆವರೊರೆಸಿಕೊಂಡು ಅದು ದೇವರ ಕೃಪೆ ಅಂಕಲ್ ಎಂದು ಕುಳಿತೇಬಿಟ್ಟರು. ಅಷ್ಟರಲ್ಲಿ ಬಾಗಿಲ ಹೊರಗೆ ಫಿಲಿಪಿನೋಗಳು ಡ್ರಮ್ ಸೆಟ್ಟಿನ ಜೊತೆ ನಗುನಗುತ್ತ ನಿಂತಿರುತ್ತಿದ್ದರು. ಅವರ ನಗು ಕಂಡದ್ದೇ ನಾನು ಮತ್ತೆ ಗಡಿಯಾರ ನೋಡುತ್ತಿದ್ದೆ.

ಅವರಿಗೆ ಉತ್ತರ ಗೊತ್ತಿಲ್ಲದಿದ್ದರೆ ನಾನು ಇಷ್ಟು ಉರಿಯುತ್ತಿರಲಿಲ್ಲ. ಸತ್ಯವೇದ, ಇಡೀ ಬೈಬಲ್ಲು, ಅವರಿಗೆ ಬಾಯಿಪಾಠ. ಪ್ರಸಂಗ ಮಾಡುವವರು ಅಧ್ಯಾಯ ತಪ್ಪು ಹೇಳಿದರೆ ಕೂತಲ್ಲಿಂದಲೇ ತಿದ್ದುತ್ತಿದ್ದರು. ಹಾಗಿರುವಾಗ ಕೇಳುವುದು ಯಾಕೆ? ಇದರ ಬಗ್ಗೆ ನಮ್ಮಲ್ಲಿ ಚಹಾದ ಹೊತ್ತಿಗೆ ದೊಡ್ಡ ಸಂಶೋಧನೆಯೇ ನಡೆಯುತ್ತಿತ್ತು. ನನ್ನ ಗಂಡನ ಪ್ರಕಾರ ಅದು ಪರೀಕ್ಷೆ. ಸುವಾರ್ತೆಯಲ್ಲಿ ಯೇಸುವನ್ನು ಸಿಕ್ಕಿಹಾಕಿಸಬೇಕೆಂದು ಇದೇ ಪ್ರಶ್ನೆ ಕೇಳಿದ ಒಬ್ಬ ಧರ್ಮಪಂಡಿತ ಬರುತ್ತಾನಲ್ಲ, ಅವನ ಜಾತಿ. ಸೆಕ್ರೆಟರಿಯ ಪ್ರಕಾರ ಅವರಿಗೆ ಕಮಿಟಿಯ ಅಧ್ಯಕ್ಷರಾಗಬೇಕಿತ್ತು. ಚಹಾ ಹಂಚುವ ಹೆಂಗಸರ ಪ್ರಕಾರ ಖಾಲಿ ಫ್ಲಾಟಿಗೆ ಹೋಗಲು ಬೇಜಾರು, ಅದಕ್ಕೇ ಹೊತ್ತು ಎಳೆಯುತ್ತಾರೆ. ಅತ್ತೆ ಮಾತ್ರ, "ಗೊತ್ತಿಲ್ಲದ್ದಕ್ಕೆ ಕೇಳುದು. ಅದಕ್ಕೆಂಥ ಇಷ್ಟು ಮಾತು?" ಎನ್ನುತ್ತಿದ್ದರು.

ಯಾರಿಗೂ ಅವರನ್ನು ಕೂರಿಸುವ ಧೈರ್ಯವಿರಲಿಲ್ಲ. ಅವರು ಕೊಟ್ಟ ಮೈಕ್ ಹಿಡಿದುಕೊಂಡು, ಕೂತ್ಕೊಳ್ಳಿ ಅಂಕಲ್ ಎಂದು ಹೇಳುವುದು ಹೇಗೆ? ಸುವಾರ್ತೆಯಲ್ಲಿ ಇದೇ ಪ್ರಶ್ನೆ ಕೇಳುವ ಇನ್ನೊಬ್ಬನೂ ಇದ್ದಾನೆ, ಐಶ್ವರ್ಯವಂತ. ಇರುವುದನ್ನೆಲ್ಲ ಮಾರಿ ಬಡವರಿಗೆ ಕೊಡು ಎಂದು ಅವನಿಗೆ ನೇರ ಉತ್ತರ ಸಿಗುತ್ತದೆ, ಅವನು ಮುಖ ಬಾಡಿಸಿಕೊಂಡು ಹೊರಟುಹೋಗುತ್ತಾನೆ. ಆ ಭಾಗವನ್ನು ನಮ್ಮ ಹಾಲಿನಲ್ಲಿ ಯಾರೂ ಎತ್ತುತ್ತಿರಲಿಲ್ಲ. ಪ್ರೊಜೆಕ್ಟರಿಗೆ ಬೇಸರವಾದೀತು ಎಂಬ ಭಯ.

ನಾನು ನನ್ನ ಕೈಲಾದ ಉಪಾಯಗಳನ್ನೆಲ್ಲ ಮಾಡಿದೆ. ಪ್ರಸಂಗದ ಕೊನೆಗೆ ತಕ್ಷಣ ಹಾಡು ಹಾಕಿಸಿದೆ. ಅಂಕಲ್ ಹಾಡು ಮುಗಿಯುವವರೆಗೆ ನಿಂತುಕೊಂಡೇ ಕಾದು ಕೇಳಿದರು. ಪ್ರಶ್ನೆ ಇದೆಯೇ ಎಂದು ಕೇಳುವ ಪದ್ಧತಿಯನ್ನೇ ಬಿಡಿಸಿದೆ. ಅವರು ಪ್ರಕಟಣೆಗಳ ನಡುವೆ ಎದ್ದರು. ಕೊನೆಗೆ ನನ್ನ ಬುದ್ಧಿವಂತಿಕೆ ನೋಡಿ, ಏನಾದರೂ ಕೆಲಸ ಕೊಟ್ಟರೆ ಸುಮ್ಮನಿರುತ್ತಾರೆ ಎಂದುಕೊಂಡು ಪ್ರಕಟಣೆ ಓದುವ ಜವಾಬ್ದಾರಿಯನ್ನು ಅವರಿಗೇ ವಹಿಸಿಬಿಟ್ಟೆ. ಅಂಕಲ್ ಯಾರ ಮನೆಯಲ್ಲಿ ಪ್ರಾರ್ಥನೆ, ಯಾರ ಮಗುವಿನ ಹುಟ್ಟುಹಬ್ಬ ಎಲ್ಲ ನೀಟಾಗಿ ಓದಿ, ಕನ್ನಡಕ ತೆಗೆದು, ಮೈಕಿನಲ್ಲೇ ಕೇಳಿದರು. ಅಲ್ಲಿಯವರೆಗೆ ಹಾಲಿಗೆ ಮಾತ್ರ ಕೇಳುತ್ತಿದ್ದ ಪ್ರಶ್ನೆ ಅವತ್ತು ಕಾಂಪೌಂಡಿನ ಪಾರ್ಕಿಂಗ್‌ವರೆಗೆ ಕೇಳಿತು.

ಆಮೇಲೊಂದು ಶುಕ್ರವಾರ ದುಬೈಯಿಂದ ಅತಿಥಿ ಬಂದರು. ಮೈಸೂರು ಕಡೆಯ ಹುಡುಗ, ಐಟಿಯವನು, ಲ್ಯಾಪ್‌ಟಾಪ್ ಹಿಡಿದುಕೊಂಡೇ ಬಂದಿದ್ದ. ಅಂಕಲ್ ಎದ್ದು ಕೇಳಿದ್ದೇ ಅವನ ಮುಖ ಅರಳಿತು. "ಒಳ್ಳೆ ಪ್ರಶ್ನೆ ಸರ್, ಅದಕ್ಕೇಂತಾನೇ ಸ್ಲೈಡ್ಸ್ ಮಾಡಿದೀನಿ" ಎಂದ. ನಾನು ಅಂಗೈ ತೋರಿಸಿದೆ, ಮುಷ್ಟಿ ತೋರಿಸಿದೆ, ಎದ್ದು ನಿಂತು ಎರಡೂ ಕೈ ಬೀಸಿದೆ. ಅವನು ನನಗೂ ತಿರುಗಿ ಕೈ ಬೀಸಿದ. ನಾವು ಹಾಲ್ ಬಿಟ್ಟಾಗ ನಾಲ್ಕು ಗಂಟೆ ಹತ್ತಿರವಾಗಿತ್ತು. ಮರುದಿನ ಕಾಂಪೌಂಡಿನ ಆಫೀಸಿನಿಂದ ಫೋನ್ ಬಂತು. ಒಮ್ಮೆ ಹೇಳಿಯಾಗಿದೆ, ಇದು ಎರಡನೇ ಸಲ, ಇನ್ನೊಂದು ಸಲ ತಡವಾದರೆ ನಿಮ್ಮ ಹೊತ್ತನ್ನು ಕಾಯುತ್ತಿರುವ ಬೇರೆಯವರಿಗೆ ಕೊಡುತ್ತೇವೆ ಎಂದರು.

ಕಮಿಟಿ ಸೇರಿತು. ಅಂಕಲ್ ಹತ್ತಿರ ಮಾತಾಡಲೇಬೇಕು ಎಂದು ಎಲ್ಲರೂ ಒಪ್ಪಿದರು. ಯಾರು ಮಾತಾಡಬೇಕು ಎನ್ನುವಾಗ ಎಲ್ಲರಿಗೂ ಫೋನ್ ಬರಲು ಶುರುವಾಯಿತು. ಕೊನೆಗೆ, ಟೈಮಿನ ವಿಷಯ ತಾನೆ, ಟೈಮ್ ನೋಡುವವರೇ ಹೇಳಲಿ ಎಂದು ನನ್ನನ್ನು ಮುಂದೆ ತಳ್ಳಿದರು. ಗಂಡಸರೆಂದರೆ ಗಂಡಸರು.

ಮುಂದಿನ ವಾರ ಆರಾಧನೆಗೆ ಮೊದಲೇ ಅವರನ್ನು ಪಾರ್ಕಿಂಗಿನಲ್ಲಿ ಹಿಡಿದೆ. ನೆತ್ತಿ ಸುಡುವ ಬಿಸಿಲು. ಅವರು ಕೂತಲ್ಲಿಂದಲೇ ಕಾರಿನ ಬಾಗಿಲು ತೆರೆದು, ಒಳಗೆ ಕೂತ್ಕೊಳ್ಳಿ, ಎಸಿ ಉಂಟು ಎಂದರು. ನಾನು ಕೂರಲಿಲ್ಲ. ಕೂತರೆ ಸಿಟ್ಟು ತಣ್ಣಗಾಗುತ್ತದೆ ಎಂದು ನನಗೆ ಗೊತ್ತಿತ್ತು.

"ಅಂಕಲ್, ಉತ್ತರ ನಿಮಗೆ ಗೊತ್ತುಂಟು. ಗೊತ್ತಿದ್ದೂ ಪ್ರತಿ ವಾರ ಯಾಕೆ ಕೇಳ್ತೀರಿ? ಪರೀಕ್ಷೆ ಮಾಡ್ಲಿಕ್ಕಾ?"

"ಹೌದು, ಪರೀಕ್ಷೆಯೇ" ಎಂದರು, ಒಂದಿಷ್ಟೂ ನಾಚಿಕೆಯಿಲ್ಲದೆ.

"ಹಾಗಾದ್ರೆ ಉತ್ತರ ಬೇಡ್ವಾ ನಿಮಗೆ?"

"ಬೇಕು. ಬೇಡ ಅಂತ ಯಾರು ಹೇಳಿದ್ದು?"

ಇಂಥವರ ಹತ್ತಿರ ಏನು ಮಾತಾಡುತ್ತೀರಿ? ನಾನು ಹಾಲಿನ ವಿಷಯ ಹೇಳಿದೆ, ಆಫೀಸಿನ ಫೋನಿನ ವಿಷಯ ಹೇಳಿದೆ, ನಮ್ಮ ಅತ್ತೆಗೆ ಇದೊಂದು ಬಿಟ್ಟರೆ ಬೇರೆ ಗತಿಯಿಲ್ಲ ಎಂದೂ ಹೇಳಿದೆ. ಅವರು ಜೇಬಿನಿಂದ ಡಬ್ಬಿ ತೆಗೆದು ನನಗೊಂದು ಲವಂಗ ಕೊಟ್ಟರು. ತಾವೊಂದು ಬಾಯಿಗೆ ಹಾಕಿಕೊಂಡರು. ಆಮೇಲೆ ಸ್ಟೀರಿಂಗ್ ಮೇಲೆ ಕೈಯಿಟ್ಟು, ನನ್ನ ಕಡೆ ನೋಡದೆ ಮಾತಾಡಿದರು.

"ಆ ಐಶ್ವರ್ಯವಂತನಿಗೆ ಸಿಕ್ಕಿದ ಉತ್ತರ ಎಲ್ಲರಿಗೂ ಬಾಯಿಪಾಠ. ಅದಕ್ಕೆ ಮೊದಲು ಒಂದು ಸಣ್ಣ ಮಾತುಂಟು, ಅದನ್ನು ಯಾರೂ ಓದುದಿಲ್ಲ. ಉತ್ತರ ಕೊಡುವ ಮೊದಲು ಯೇಸು ಅವನ ಮುಖ ನೋಡಿದ. ನೋಡಿ ಪ್ರೀತಿ ಮಾಡಿದ. ಮತ್ತೆ ಹೇಳಿದ್ದು, ಕಷ್ಟದ ಮಾತು. ನಾನು ಕೇಳುವಾಗ ಇವರೆಲ್ಲ ಎಲ್ಲಿ ನೋಡ್ತಾರೆ, ಗೊತ್ತುಂಟಾ?"

ನಾನು ವಾಚ್ ನೋಡಿಕೊಂಡೆ.

"ನಿಮ್ಮನ್ನು ನೋಡ್ತಾರೆ. ನನ್ನ ತಲೆಯ ಮೇಲಿಂದ, ಹಿಂದೆ ಬಾಗಿಲ ಹತ್ರ, ನಿಮ್ಮ ಕೈಯನ್ನು. ಇಲ್ಲದಿದ್ರೆ ಪ್ರೊಜೆಕ್ಟರನ್ನು. ಒಬ್ಬನಾದ್ರೂ ನನ್ನನ್ನು ನೋಡಿ ಕಷ್ಟದ್ದು ಹೇಳ್ಲಿ ಅಂತ ಕೇಳುದು ನಾನು."

ನನಗೆ ಸಿಟ್ಟು ನೆತ್ತಿಗೇರಿತು. ಇವರನ್ನು ನೋಡುವವರಿಲ್ಲ ಎಂದು ಐವತ್ತು ಅರುವತ್ತು ಜನ ಹಾಲ್ ಕಳೆದುಕೊಳ್ಳಬೇಕೇ? "ನೋಡ್ಬೇಕಾದ್ರೆ ಮನೆಗೆ ಬನ್ನಿ ಅಂಕಲ್. ಊಟ ಹಾಕ್ತೇನೆ, ಎದುರು ಕೂತು ಸಂಜೆವರೆಗೆ ನೋಡ್ತೇನೆ. ಹಾಲಿನಲ್ಲಿ ಬೇಡ" ಎಂದೆ. ಅವರು ನಕ್ಕರು. ಆಯ್ತು ಮಾರಾಯ್ತಿ, ಇನ್ನು ಕೇಳುದಿಲ್ಲ ಎಂದರು. ಅಷ್ಟು ಸುಲಭಕ್ಕೆ ಒಪ್ಪಿದ್ದು ನೋಡಿ ನನಗೆ ಇನ್ನಷ್ಟು ಕಿರಿಕಿರಿಯಾಯಿತು. ಇಷ್ಟೇ ಆಗಿದ್ದರೆ ಇಷ್ಟು ತಿಂಗಳು ನನ್ನ ಪ್ರಾಣ ಯಾಕೆ ತಿಂದರು?

ಅವತ್ತು ಅವರು ಮಾತಿನಂತೆ ಕೇಳಲಿಲ್ಲ. ಮನೆಗೆ ಬಂದು ಬೀನ್ಸ್ ಹೆಚ್ಚುತ್ತ ನಾನು ಅತ್ತೆಯ ಮುಂದೆ ಎಲ್ಲವನ್ನೂ ಕಕ್ಕಿಬಿಟ್ಟೆ. ಪ್ರಶ್ನೆಯೂ ನಿಜವಂತೆ, ಪರೀಕ್ಷೆಯೂ ನಿಜವಂತೆ, ಮುಖ ನೋಡಬೇಕಂತೆ, ಕಷ್ಟದ ಮಾತು ಬೇಕಂತೆ, ಇದೆಲ್ಲ ಹೊಟ್ಟೆ ತುಂಬಿದವರ ಕಾಯಿಲೆ ಎಂದೆ. ಅತ್ತೆ ಬೀನ್ಸಿನ ನಾರು ತೆಗೆಯುತ್ತ ಕೇಳಿಸಿಕೊಂಡರು. "ಹೌದಾ... ಯಾರೂ ಮುಖ ನೋಡ್ಲೇ ಇಲ್ವಾ?" ಎಂದರು. ಅಷ್ಟೆ. ನಾನು ಅಲ್ಲಿಗೆ ವಿಷಯ ಮುಗಿಯಿತು ಎಂದುಕೊಂಡೆ.

ಮುಂದಿನ ಶುಕ್ರವಾರ ನನ್ನ ಜೀವನದಲ್ಲೇ ಮೊದಲ ಬಾರಿಗೆ ಪ್ರಸಂಗ ಹೊತ್ತಿಗೆ ಮೊದಲು ಮುಗಿಯಿತು. ಅಂಗೈ ತೋರಿಸುವ ಪ್ರಮೇಯವೇ ಬರಲಿಲ್ಲ. ಅಂಕಲ್ ಮೊಣಕಾಲ ಮೇಲೆ ಕೈಯಿಟ್ಟು ಶಾಲೆಯ ಹುಡುಗನ ಹಾಗೆ ಕೂತಿದ್ದರು. ಅವತ್ತು ಮಾತಾಡಿದ್ದು ಬ್ಯಾಂಕಿನವರು. ಆಶೀರ್ವಾದ ಹೇಳಲು ಕೈ ಎತ್ತಿದ್ದರು. ನನಗೆ ಒಳಗೊಳಗೇ ಹೆಮ್ಮೆ. ಅಷ್ಟರಲ್ಲಿ ಹೆಂಗಸರ ಸಾಲಿನಿಂದ ಒಬ್ಬರು ಎದ್ದರು. ನೋಡುತ್ತೇನೆ, ನಮ್ಮ ಅತ್ತೆ.

ಇಲ್ಲಿಗೆ ಬಂದಂದಿನಿಂದ ಹಾಲಿನಲ್ಲಿ ಹಾಡಿಗೆ ಬಿಟ್ಟರೆ ಬಾಯಿ ತೆರೆದವರಲ್ಲ. ಅವರು ಮುಂದಿನ ಸಾಲಿನ ಖಾಲಿ ಕುರ್ಚಿಯೊಂದನ್ನು ಎಳೆದು, ಹಿಂದುಮುಂದು ತಿರುಗಿಸಿ, ಅಂಕಲ್ ಎದುರಿಗೆ ಹಾಕಿಕೊಂಡು ಕೂತರು. ಆಶೀರ್ವಾದಕ್ಕೆ ಎತ್ತಿದ ಕೈಯನ್ನು ಏನು ಮಾಡಬೇಕೆಂದು ತಿಳಿಯದೆ ಬ್ಯಾಂಕಿನವರು ಹಾಗೇ ನಿಂತರು.

"ನೀವು ಕೇಳ್ಲಿಲ್ಲ" ಎಂದರು ಅತ್ತೆ.

"ಟೈಮ್ ಇಲ್ಲಮ್ಮ" ಎಂದರು ಅಂಕಲ್.

"ನನಗೆ ಟೈಮ್ ಉಂಟು."

ನಾನು ಬಾಗಿಲಿನಿಂದ ಅಂಗೈ ತೋರಿಸಿದೆ. ಮುಷ್ಟಿ ತೋರಿಸಿದೆ. ಅತ್ತೆ ನನ್ನ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಅವರು ಅವಸರವೇ ಇಲ್ಲದವರ ಹಾಗೆ ಅಂಕಲ್ ಮುಖವನ್ನು ನೋಡುತ್ತ ಕೂತರು. ಎಷ್ಟು ಹೊತ್ತು... ಹೊರಗೆ ಡ್ರಮ್ಮನ್ನು ನೆಲಕ್ಕಿಟ್ಟ ಸದ್ದು ಕೇಳಿತು. ನಾನು ಗಡಿಯಾರ ನೋಡಿದೆ. ಮುಳ್ಳು ಮೂರೂವರೆಯನ್ನು ದಾಟಿಯಾಗಿತ್ತು.

"ದುಡ್ಡು ಕೊಡುದು ನಿಮಗೆ ಕಷ್ಟ ಅಲ್ಲ, ನೋಡಿದ್ದೇನೆ" ಎಂದರು ಅತ್ತೆ. "ಬಿಡ್ಲಿಕ್ಕೆ ಆಗದ್ದು ಎಂಥ ಉಂಟು ನಿಮ್ಮ ಹತ್ರ?"

ಇಂಥ ಪ್ರಶ್ನೆಯನ್ನು ತುಂಬಿದ ಸಭೆಯಲ್ಲಿ ಕೇಳುವುದೇ? ನನಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ಅಂಕಲ್ ಏನಾದರೂ ಚುಚ್ಚುಮಾತು ಆಡಿ ಮುಗಿಸುತ್ತಾರೆ ಎಂದುಕೊಂಡೆ. ಅವರು ಆಡಲಿಲ್ಲ. ಮೈಕ್ ಇಲ್ಲದ ಸಣ್ಣ ದನಿಯಲ್ಲಿ ಹೇಳಿದರು.

"ಮಗನ ಮೇಲಿನ ಸಿಟ್ಟು."

"ಹಾಗಾದ್ರೆ ಅದನ್ನೇ ಬಿಡಿ. ದುಬೈ ಎಂಥ ದೂರ? ಇವತ್ತೇ ಹೋಗಿ."

ಅಂಕಲ್ ಎದ್ದರು. ಕಾರಿನ ಕೀಲಿ ತೆಗೆದುಕೊಂಡರು. ಅತ್ತೆಗೆ ಕೈಮುಗಿದರೋ, ಅಥವಾ ಬರೀ ಕೀಲಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರೋ, ಹಿಂದಿನಿಂದ ನನಗೆ ಸರಿಯಾಗಿ ಕಾಣಲಿಲ್ಲ. ಆಶೀರ್ವಾದಕ್ಕೂ ನಿಲ್ಲದೆ, ನನ್ನ ಪಕ್ಕದಿಂದಲೇ ಬಾಗಿಲು ದಾಟಿ ಹೋದರು. ಲವಂಗದ ವಾಸನೆ ಒಂದು ಕ್ಷಣ ನಿಂತು ಹೋಯಿತು.

ಹೊರಗೆ ಫಿಲಿಪಿನೋಗಳ ಮುಂದಾಳು ಹೆಂಗಸು ಒಳಗೆ ಇಣುಕಿ ನೋಡಿದಳು. ನಾನು ಸಾರಿ ಸಾರಿ ಎಂದು ಬಡಬಡಿಸಿದೆ. ಅವಳು ಬಾಯಿಗೆ ಬೆರಳಿಟ್ಟು, ಅಜ್ಜಿ ಪ್ರಾರ್ಥನೆ ಮುಗಿಸಲಿ, ನಾವು ಕಾಯುತ್ತೇವೆ ಎಂದು ಇಂಗ್ಲಿಷಿನಲ್ಲಿ ಪಿಸುಗುಟ್ಟಿದಳು. ಅವತ್ತು ಯಾರೂ ದೂರು ಕೊಡಲಿಲ್ಲ. ವಾರವಿಡೀ ಫೋನ್ ರಿಂಗಾದಾಗಲೆಲ್ಲ ನಾನು ಓಡಿಹೋಗಿ ನಂಬರ್ ನೋಡುತ್ತಿದ್ದೆ. ಆಫೀಸಿನಿಂದ ಫೋನ್ ಬರಲೇ ಇಲ್ಲ. ಹಾಲ್ ಉಳಿಯಿತು. ಅತ್ತೆಯ ಶುಕ್ರವಾರವೂ ಉಳಿಯಿತು.

ಅಂಕಲ್ ಮಾತ್ರ ಆಮೇಲೆ ಬರಲಿಲ್ಲ.

ಮೊದಮೊದಲು ನಾವು ಒಂದೆರಡು ವಾರದ ಸಿಟ್ಟು ಎಂದುಕೊಂಡೆವು. ಫೋನ್ ಮಾಡಿದರೆ ಸ್ವಿಚ್ ಆಫ್. ಕೊನೆಗೆ ಸೆಕ್ರೆಟರಿ ಅವರ ಕಂಪನಿಯಲ್ಲಿ ವಿಚಾರಿಸಿದಾಗ ಗೊತ್ತಾಯಿತು, ಅವರಿಗೆ ವಯಸ್ಸಾಗಿತ್ತು, ಕೆಲಸ ಮುಗಿದಿತ್ತು, ವಿಸಾ ಕ್ಯಾನ್ಸಲ್ ಆಗಿ ಊರಿಗೆ ಹೋಗಿದ್ದಾರೆ. ಅದನ್ನು ಅವರು ಯಾರಿಗೂ ಹೇಳಿಯೇ ಇರಲಿಲ್ಲ. ಈ ದೇಶದಲ್ಲಿ ಜನ ಹೀಗೆಯೇ. ಈ ವಾರ ಪಕ್ಕದ ಕುರ್ಚಿಯಲ್ಲಿ ಇರುತ್ತಾರೆ, ಮುಂದಿನ ವಾರ ವಾಟ್ಸಾಪ್ ಗ್ರೂಪಿನಲ್ಲಿ ಅವರ ಹೆಸರಿನ ಮುಂದೆ 'ಲೆಫ್ಟ್' ಎಂದು ಇರುತ್ತದೆ. ಅದಾಗಿ ಒಂದೆರಡು ವರ್ಷಕ್ಕೆ ಅವರು ತೀರಿಕೊಂಡ ಸುದ್ದಿಯೂ ಅದೇ ಗ್ರೂಪಿಗೆ ಬಂತು. ನಾವೆಲ್ಲ ಕೈಮುಗಿದ ಚಿತ್ರ ಹಾಕಿದೆವು.

ಅವರು ಮಗನ ಹತ್ತಿರ ಹೋದರೇ? ಇದೊಂದನ್ನು ತಿಳಿಯಲು ನಾನು ಎಷ್ಟು ಜನರ ತಲೆ ತಿಂದೆನೋ. ಕಂಪನಿಯ ಡ್ರೈವರ್ ಏರ್‌ಪೋರ್ಟಿಗೆ ಬಿಟ್ಟನಂತೆ, ಜೊತೆಗೆ ಯಾರೂ ಇರಲಿಲ್ಲವಂತೆ ಎಂದು ಒಬ್ಬರು ಹೇಳಿದರು. ಇಲ್ಲ, ಮಗನೇ ಊರಿಗೆ ಕರೆದುಕೊಂಡು ಹೋದ, ಕೊನೆಯವರೆಗೂ ಅವನೇ ನೋಡಿಕೊಂಡ ಎಂದು ಇನ್ನೊಬ್ಬರು. ಇಬ್ಬರೂ ಕಣ್ಣಾರೆ ಕಂಡ ಹಾಗೆಯೇ ಹೇಳುತ್ತಾರೆ. 

ಸುವಾರ್ತೆಯ ಆ ಐಶ್ವರ್ಯವಂತನ ಕಥೆಯೂ ಹೀಗೆಯೇ. ಮುಖ ಬಾಡಿಸಿಕೊಂಡು ಹೋದ ಎಂಬಲ್ಲಿಗೆ ನಿಂತುಬಿಡುತ್ತದೆ. ಮನೆಗೆ ಹೋಗಿ ರಾತ್ರಿಯಿಡೀ ಯೋಚಿಸಿ ಮಾರನೆಯ ದಿನ ಎಲ್ಲ ಮಾರಿಬಿಟ್ಟನೋ, ಅಥವಾ ಉಂಡು ಮಲಗಿದನೋ, ಯಾರೂ ಹೇಳುವುದಿಲ್ಲ. ಇಬ್ಬರ ಮೇಲೂ ನನಗೆ ಸಿಟ್ಟಿದೆ. ಅಷ್ಟು ಜನರ ಹೊತ್ತು ಹಾಳುಮಾಡಿ ಪ್ರಶ್ನೆ ಕೇಳಿದ ಮೇಲೆ, ಉತ್ತರ ಸಿಕ್ಕಿ ಏನಾಯಿತು ಎಂದು ಒಂದು ಮಾತು ತಿಳಿಸುವುದು ಬೇಡವೇ ಮಾರಾಯ್ರೆ?

ಅತ್ತೆಗೆ ಮಾತ್ರ ಯಾವ ಸಂಶಯವೂ ಇಲ್ಲ. ಅವತ್ತು ಕ್ಲಿನಿಕ್ಕಿನಿಂದ ಊದಿದ ಕೆನ್ನೆಯಲ್ಲಿ ಮನೆಗೆ ಬಂದವಳು, ಲವಂಗದ ವಾಸನೆಯ ವಿಷಯ ಅವರಿಗೆ ಹೇಳಿದೆ. ಈಗ ಅವರಿಗೆ ಕಿವಿ ಮಂದ. ಎರಡೆರಡು ಸಲ ಹೇಳಬೇಕು.

"ಹೋಗಿರ್ತಾರೆ ಮಗಾ" ಎಂದರು.

"ನಿಮಗೆ ಹೇಗೆ ಗೊತ್ತು ಅತ್ತೆ?"

"ನಾನು ಮುಖ ನೋಡ್ತಿದ್ದೆನಲ್ಲ."

ನಾನು ಗಡಿಯಾರ ನೋಡುತ್ತಿದ್ದೆ. ನೋಡಲೇಬೇಕಿತ್ತು, ಅದು ನನ್ನ ಕೆಲಸ. ಇವತ್ತಿಗೂ ಅದರಲ್ಲಿ ತಪ್ಪಿದೆ ಎಂದು ನಾನು ಒಪ್ಪುವವಳಲ್ಲ. ಆದರೆ ಆ ಮುಖವನ್ನು ಒಂದು ಸಲ ನೋಡಿದ್ದರೆ ನನಗೂ ಅತ್ತೆಯ ಹಾಗೆ ನೆಮ್ಮದಿಯಾಗಿ ಇರಬಹುದಿತ್ತು. ಅವರು ನನ್ನ ಪಕ್ಕದಿಂದಲೇ ದಾಟಿ ಹೋದದ್ದು... ಕಣ್ಣು ಹೊರಳಿಸಿದ್ದರೆ ಸಾಕಿತ್ತು.

ಈಗ ನಮ್ಮ ಆರಾಧನೆ ಭಾನುವಾರಕ್ಕೆ ಬಂದಿದೆ. ಅದೇ ಹಾಲ್, ಅದೇ ಎರಡರಿಂದ ಮೂರೂವರೆ. ಬಾಗಿಲ ಪಕ್ಕದ ಕುರ್ಚಿ ಈಗಲೂ ನನ್ನದೇ. ಪ್ರೊಜೆಕ್ಟರ್ ಹೊಸದು, ಗಡಿಯಾರ ಮಾತ್ರ ಅವರದ್ದೇ. ಈಗ ಮಾತಾಡುವವರೆಲ್ಲ ಜಾಣರು, ಫೋನಿನಲ್ಲಿ ಟೈಮರ್ ಇಟ್ಟುಕೊಂಡೇ ಶುರುಮಾಡುತ್ತಾರೆ. ಹೊತ್ತಿಗೆ ಮೊದಲೇ ಮುಗಿಸುತ್ತಾರೆ. ಪ್ರಶ್ನೆ ಇದೆಯೇ ಎಂದು ಕೇಳುವ ಪದ್ಧತಿಯನ್ನು ಮತ್ತೆ ಶುರುಮಾಡಿದ್ದೇವೆ. ಯಾರೂ ಏಳುವುದಿಲ್ಲ. ಮಕ್ಕಳು ಬ್ಯಾಗಿಗೆ ಕೈಹಾಕುತ್ತಾರೆ, ಹೆಂಗಸರು ಸೆರಗು ಸರಿಮಾಡಿಕೊಳ್ಳುತ್ತಾರೆ, ಬಾಗಿಲ ಹೊರಗೆ ಇನ್ನೂ ಯಾರೂ ಬಂದಿರುವುದಿಲ್ಲ. ಪ್ರತಿ ವಾರ ನಮ್ಮ ಕೈಯಲ್ಲಿ ಐದು ನಿಮಿಷ ಉಳಿಯುತ್ತದೆ.

ಎರಡನೇ ಸಾಲಿನಲ್ಲಿ ಈಗ ಅತ್ತೆ ಕೂರುತ್ತಾರೆ, ಮುಂದಿದ್ದರೆ ಚೆನ್ನಾಗಿ ಕೇಳುತ್ತದೆ ಎಂದು. ಅವರ ಪಕ್ಕದ ಕುರ್ಚಿ ಖಾಲಿ. ಆ ಐದು ನಿಮಿಷ ನಾನು ಗಡಿಯಾರ ನೋಡುವುದಿಲ್ಲ, ಆ ಕುರ್ಚಿಯನ್ನು ನೋಡುತ್ತೇನೆ, ಹಾಳು ಸಿಟ್ಟು ಬರುತ್ತದೆ. ಈಗ ಕೇಳಿ ಅಂಕಲ್. ಈಗ ಟೈಮ್ ಉಂಟು.